ಸಭೆಯಲ್ಲಿ ವಾಕ್ಯ ಓದೋದು, ಬಾಯಿಪಾಠ ಮಾಡೋದು ಅಭ್ಯಾಸ ಆಗ್ಬೇಕಂದ್ರೆ

ಸಭೆಯಲ್ಲಿ, ಅಂದ್ರೆ ಚರ್ಚ್‌ನಲ್ಲಿ, ಹೊಸ ವರ್ಷದ ಆರಾಧನೆ ಮುಗಿದ ತಕ್ಷಣ ಚಾರ್ಟ್ ಹಂಚ್ತಾರೆ, ಒಂದು ವರ್ಷದಲ್ಲಿ ಸತ್ಯವೇದ (ಬೈಬಲ್) ಪೂರ್ತಿ ಓದೋ ಚಾರ್ಟ್. ಎಲ್ರೂ ಖುಷಿಯಿಂದ ತಗೊಂಡು ಹೋಗ್ತಾರೆ. 66 ಪುಸ್ತಕ, 1189 ಅಧ್ಯಾಯ, ಅಂದ್ರೆ ದಿನಕ್ಕೆ ಮೂರು ಚಿಲ್ಲರೆ ಅಧ್ಯಾಯ. ಆದಿಕಾಂಡ ಸಲೀಸಾಗಿ ಹೋಗುತ್ತೆ, ಅಬ್ರಹಾಮ, ಯಾಕೋಬ, ಯೋಸೇಫ ಅಂತ ಕಥೆ ಎಳ್ಕೊಂಡು ಹೋಗುತ್ತೆ. ನಾಲ್ಕನೇ ವಾರಕ್ಕೆ ವಿಮೋಚನಕಾಂಡ 25 ಬರುತ್ತೆ, ಅಲ್ಲಿಂದ ದೇವದರ್ಶನದ ಗುಡಾರದ ಹಲಗೆ, ಪರದೆ, ಕೊಂಡಿ, ಮೊಳದ ಲೆಕ್ಕ, ಅದು ದಾಟಿದ್ರೆ ಯಾಜಕಕಾಂಡದ 27 ಅಧ್ಯಾಯ. ನಮ್ಮ ಸಭೆಯಲ್ಲಿ ಜನ ನಿಂತು ಹೋಗ್ತಿದ್ದಿದ್ದು ಇಲ್ಲೇ, ಪ್ರತಿ ವರ್ಷ.

ನಿಂತವರಿಗೆ ಭಕ್ತಿ ಕಡಿಮೆ ಅಂತ ನಾನು ಒಪ್ಪಲ್ಲ. ಅವರನ್ನ ಯಾರೂ ಕೇಳ್ಲಿಲ್ಲ, ಅಷ್ಟೇ. "ಇವತ್ತು ಏನ್ ಓದಿದ್ರಿ, ಏನ್ ಸಿಕ್ತು" ಅಂತ ಪ್ರೀತಿಯಿಂದ ಕೇಳೋರು ಒಬ್ಬರಿದ್ರೆ ಹಲಗೆ ಕೊಂಡಿ ಎಲ್ಲ ದಾಟ್ಕೊಂಡು ಹೋಗಬಹುದು. ಅದಕ್ಕೆ ಚಾರ್ಟ್ ಪ್ರಿಂಟ್ ಹಾಕ್ಸೋಕೆ ಮುಂಚೆ ಮಾಡ್ಬೇಕಾದ ಕೆಲಸ ಜೋಡಿ ಮಾಡೋದು. ಇಬ್ಬಿಬ್ಬರು, ಜಾಸ್ತಿ ಅಂದ್ರೆ ಮೂವರು. ಹತ್ತು ಜನರ ಗುಂಪು ಮಾಡಿದ್ರೆ ಒಬ್ಬರು ಹಿಂದೆ ಬಿದ್ದಿದ್ದು ಯಾರಿಗೂ ಗೊತ್ತಾಗಲ್ಲ, ಇಬ್ಬರೇ ಇದ್ರೆ ಗೊತ್ತಾಗುತ್ತೆ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು, ವಯಸ್ಸು ಮಾತ್ರ ಬೇಕಂತಲೇ ಬೆರೆಸಿ.

ಎರಡನೇದು, ಚಿಕ್ಕದಾಗಿ ಶುರು ಮಾಡಿ. ಹೊಸದಾಗಿ ಓದೋರಿಗೆ ಮಾರ್ಕನ ಸುವಾರ್ತೆ ಕೊಡಿ, 16 ಅಧ್ಯಾಯ, ದಿನಕ್ಕೊಂದು ಅಂದ್ರೂ ಎರಡು ವಾರ ಎರಡು ದಿನದಲ್ಲಿ ಒಂದು ಪುಸ್ತಕ ಮುಗಿಸಿದ ಸಂತೋಷ ಸಿಗುತ್ತೆ, ಆ ಸಂತೋಷ ಮುಂದಕ್ಕೆ ತಳ್ಳುತ್ತೆ. ಆಮೇಲೆ ಹೊಸ ಒಡಂಬಡಿಕೆ, ಅಂದ್ರೆ ಸತ್ಯವೇದದ ಎರಡನೇ ಭಾಗ, ಪೂರ್ತಿ. ಅದರಲ್ಲಿ 260 ಅಧ್ಯಾಯ, ವಾರಕ್ಕೆ ಐದು ದಿನ ದಿನಕ್ಕೊಂದರಂತೆ ಓದಿದ್ರೆ 52 ವಾರಕ್ಕೆ ಕರೆಕ್ಟಾಗಿ ಮುಗಿಯುತ್ತೆ, ಶನಿವಾರ ಬಿಟ್ಟು ಹೋಗಿದ್ದನ್ನ ಓದ್ಕೊಳೋಕೆ, ಭಾನುವಾರ ಸಭೆಯಲ್ಲಿ ಕೇಳೋಕೆ. ಒಂದು ವಾರ ಪೂರ್ತಿ ಬಿಟ್ಟು ಹೋದ್ರೆ ದಯವಿಟ್ಟು ಹಿಂದಿನ ಬಾಕಿ ತೀರಿಸೋಕೆ ಹೋಗ್ಬೇಡಿ, ಇವತ್ತಿನ ಅಧ್ಯಾಯ ಯಾವುದೋ ಅದನ್ನ ತೆಗೆದು ಓದಿ. ಬಾಕಿ ಬೆಳೀತಾ ಬೆಳೀತಾ ಸತ್ಯವೇದ ನೋಡಿದ್ರೇನೇ ಒಂಥರಾ ಅಪರಾಧಿ ಭಾವ ಬರುತ್ತೆ, ಆಮೇಲೆ ಕಪಾಟಿಂದ ತೆಗಿಯೋಕೇ ಮನಸ್ಸಾಗಲ್ಲ.

ಯಾವಾಗ ಓದೋದು ಅಂತ ಕೇಳ್ತಾರೆ. ಧರ್ಮೋಪದೇಶಕಾಂಡ 6ನೇ ಅಧ್ಯಾಯದಲ್ಲೇ ಉತ್ತರ ಇದೆ, ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಈ ಮಾತುಗಳ ಬಗ್ಗೆ ಮಾತಾಡ್ಬೇಕು ಅಂತ. ಈ ನಾಲ್ಕೂ ದಿನಾ ನಾವು ಹೇಗಿದ್ರೂ ಮಾಡೋ ಕೆಲಸಗಳು, ಹೊಸದಾಗಿ ಟೈಮ್ ಹುಡುಕೋದೇ ಬೇಡ. ಎದ್ದ ತಕ್ಷಣ ಓದೋದು, ನಡೆಯುವಾಗ ಬಾಯಿಪಾಠದ ವಚನ ಹೇಳ್ಕೊಳೋದು, ಮಲಗೋ ಮುಂಚೆ ಮನೆಯವರ ಜೊತೆ ಒಂದು ಮಾತು. ಓದಿ ಮುಗಿದ್ಮೇಲೆ ಒಂದು ನೋಟ್‌ಬುಕ್‌ನಲ್ಲಿ ಒಂದೇ ಒಂದು ಸಾಲು ಬರೀರಿ, ಅದೇ ಸಾಲನ್ನ ಜೋಡಿಗೆ ಕಳಿಸಿ. "ಓದಿದೆ" ಅಂತ ಬರೀ ಟಿಕ್ ಹಾಕಿ ಕಳಿಸೋದು ಬೇಡ, ಅದು ಬೇಗ ಸುಳ್ಳಾಗುತ್ತೆ.

ಈಗ ಬಾಯಿಪಾಠ. ಮೊದಲು ಇಡೀ ಸಭೆಗೆ ಒಂದೇ ಅನುವಾದ ಅಂತ ತೀರ್ಮಾನ ಮಾಡಿ, ಇಲ್ಲಾಂದ್ರೆ ಒಟ್ಟಿಗೆ ಹೇಳುವಾಗ ಒಬ್ಬರದ್ದು ಒಂದು ಥರ ಬಂದು ಅರ್ಧಕ್ಕೇ ಎಲ್ರೂ ಸುಮ್ಮನಾಗ್ತಾರೆ. ವಾರಕ್ಕೆ ಒಂದೇ ವಚನ ಸಾಕು. ಅಲ್ಲೊಂದು ಇಲ್ಲೊಂದು ಬಿಡಿ ವಚನಕ್ಕಿಂತ ಒಂದು ಭಾಗ ಹಿಡಿಯೋದು ಒಳ್ಳೇದು. ಫಿಲಿಪ್ಪಿ 4:13 ಎಲ್ರಿಗೂ ಬರುತ್ತೆ, ಬಲಪಡಿಸುವಾತನಲ್ಲಿದ್ದು ಎಲ್ಲಕ್ಕೂ ಶಕ್ತನಾಗಿದ್ದೇನೆ ಅನ್ನೋದು, ಆದ್ರೆ 11, 12ನೇ ವಚನ ಸೇರಿಸಿ ಕಲಿತ್ರೆ ಆ ಪತ್ರ ಬರೆದ ಪೌಲ ಹೇಳ್ತಿರೋದು ಹಸಿವಿನಲ್ಲೂ ಸಮೃದ್ಧಿಯಲ್ಲೂ ತೃಪ್ತಿಯಿಂದ ಇರೋದನ್ನ ಅಂತ ಗೊತ್ತಾಗುತ್ತೆ. ಪರೀಕ್ಷೆ ಪಾಸಾಗೋ ವಚನ ಅಂದ್ಕೊಂಡಿದ್ದೋರು ಕೆಲಸ ಹೋದ ದಿನ ಅದನ್ನ ಹಿಡ್ಕೊಳ್ಳೋದು ಆಗ. ನನಗಂತೂ ಇದು ತುಂಬಾ ಮುಖ್ಯ ಅನ್ಸುತ್ತೆ.

ಶುರು ಮಾಡೋಕೆ ಕೀರ್ತನೆ 23 ತಗೊಳ್ಳಿ, 6 ವಚನ, 6 ವಾರ. ಮೊದಲ ಭಾನುವಾರ ಬೋರ್ಡ್ ಮೇಲೆ ದೊಡ್ಡದಾಗಿ ಬರೀರಿ: ಯೆಹೋವನು ನನಗೆ ಕುರುಬನು, ಕೊರತೆಪಡೆನು. ಎಲ್ರೂ ಸೇರಿ ಜೋರಾಗಿ ಎರಡು ಸಲ ಓದಿ, ಮೊದಲೂ ಕೊನೆಗೂ "ಕೀರ್ತನೆ 23:1" ಅಂತ ಹೇಳ್ಲೇಬೇಕು, ಇಲ್ಲಾಂದ್ರೆ ವಚನ ಬರುತ್ತೆ, ಎಲ್ಲಿದೆ ಅಂತ ಬರಲ್ಲ. ಈಗ "ಕುರುಬನು" ಅಳಿಸಿ, ಮತ್ತೆ ಹೇಳಿಸಿ. "ನನಗೆ" ಅಳಿಸಿ, ಮತ್ತೆ. ಕೊನೆಗೆ ಬೋರ್ಡ್ ಖಾಲಿ, ಚಿಕ್ಕ ಮಕ್ಕಳಿಂದ ಹಿಡಿದು ಹಿರಿಯರ ತನಕ ಎಲ್ರೂ ಖಾಲಿ ಬೋರ್ಡ್ ನೋಡ್ಕೊಂಡು ಹೇಳ್ತಿರ್ತಾರೆ, ಐದು ನಿಮಿಷ ಕೂಡ ಆಗಿರಲ್ಲ. ಮನೆಗೆ ಹೋದ್ಮೇಲೆ ಚೀಟಿ ಮೇಲೆ ಮೊದಲ ಅಕ್ಷರ ಮಾತ್ರ ಬರ್ಕೊಳ್ಳಿ, ಯೆ, ನ, ಕು, ಕೊ. ಅಕ್ಷರ ನೋಡಿ ಪದ ನೆನಪು ಮಾಡ್ಕೊಳೋ ಆ ಒಂದು ಕ್ಷಣದ ಕಷ್ಟ ಇದ್ಯಲ್ಲ, ನೆನಪು ಗಟ್ಟಿ ಆಗೋದು ಅದರಿಂದಲೇ, ನೋಡ್ಕೊಂಡು ಇಪ್ಪತ್ತು ಸಲ ಓದಿದ್ರೂ ಅಷ್ಟು ಕೂರಲ್ಲ. 119ನೇ ಕೀರ್ತನೆ ನೋಡಿ, 176 ವಚನ, ಎಂಟೆಂಟು ವಚನದ 22 ಭಾಗ, ಮೂಲ ಹೀಬ್ರೂನಲ್ಲಿ ಒಂದೊಂದು ಭಾಗದ ಎಂಟೂ ವಚನ ಒಂದೇ ಅಕ್ಷರದಿಂದ ಶುರು ಆಗುತ್ತೆ. ಅಕ್ಷರ ಹಿಡ್ಕೊಂಡು ನೆನಪಿಟ್ಕೊಳೋದು ಅಷ್ಟು ಸಹಜ.

ಜಾಸ್ತಿ ಸಭೆಗಳು ತಪ್ಪೋದು ಇದರ ಮುಂದೆ. ಪ್ರತಿ ವಾರ ಹೊಸ ವಚನ ಕೊಡ್ತಾರೆ, ಹಳೇದನ್ನ ಕೇಳೋದೇ ಇಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿಜ್ಞಾನಿ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ಬರೆದಿದ್ರು, ಕಲಿತಿದ್ದರಲ್ಲಿ ಬಹಳಷ್ಟು ಮೊದಲ ದಿನವೇ ಜಾರಿ ಹೋಗುತ್ತೆ, ಆಮೇಲೆ ನಿಧಾನ ಆಗುತ್ತೆ ಅಂತ. ಅದಕ್ಕೆ ಭಾನುವಾರ ಕಲಿತ ವಚನವನ್ನ ಅದೇ ರಾತ್ರಿ ಒಂದ್ಸಲ ಹೇಳ್ಕೊಳ್ಳಿ, ಆ ವಾರ ದಿನಾ, ಮುಂದಿನ ಎರಡು ತಿಂಗಳು ವಾರಕ್ಕೊಂದ್ಸಲ, ಆಮೇಲೆ ತಿಂಗಳಿಗೊಂದ್ಸಲ. ಚೀಟಿಗಳನ್ನ ಒಂದು ಡಬ್ಬದಲ್ಲಿ ಮೂರು ಭಾಗ ಮಾಡಿ ಇಟ್ಕೊಂಡ್ರೆ ಲೆಕ್ಕ ತಪ್ಪಲ್ಲ. ಸಭೆಯಲ್ಲೂ ಪ್ರಸಂಗಕ್ಕೆ ಮುಂಚೆ ಎರಡು ನಿಮಿಷ, ಹೊಸ ವಚನ ಒಂದು, ಹಳೇದು ಎರಡು. ಪಾಸ್ಟರ್ ಕೂಡ ನೋಡದೆ ಹೇಳ್ಬೇಕು, ಮರೆತ್ರೆ ಮರೆತೆ ಅಂತ ಹೇಳಿ ಮತ್ತೆ ಶುರು ಮಾಡ್ಲಿ, ಜನರಿಗೆ ಅದರಿಂದ ಎಷ್ಟು ಧೈರ್ಯ ಬರುತ್ತೆ ಗೊತ್ತಾ.

ದೊಡ್ಡೋರ ಮಧ್ಯೆ ಸ್ಪರ್ಧೆ ಮಾತ್ರ ಬೇಡ. ಯಾರ ಹೆಸರ ಮುಂದೆ ಎಷ್ಟು ಸ್ಟಾರ್ ಅಂತ ಗೋಡೆ ಮೇಲೆ ಹಾಕಿದ್ರೆ ಹಿಂದೆ ಇರೋರು ನಾಚ್ಕೊಂಡು ದೂರ ಆಗ್ತಾರೆ. ಓದೋಕೆ ಬರದೇ ಇರೋರು ಪ್ರತಿ ಸಭೆಯಲ್ಲೂ ಇರ್ತಾರೆ, ಅವರನ್ನ ಬಿಟ್ಬಿಡ್ಬೇಡಿ, ಜೋಡಿಯವರು ವಚನ ನಿಧಾನಕ್ಕೆ ಓದಿ ವಾಯ್ಸ್ ಮೆಸೇಜ್ ಕಳಿಸ್ಲಿ. ನಮ್ಮಲ್ಲಿ ಒಬ್ಬರು ಅಜ್ಜಿ, ಅಕ್ಷರ ಬರಲ್ಲ, ಅವರ ಜೋಡಿ ಹೈಸ್ಕೂಲ್ ಹುಡುಗಿ. ಆ ಹುಡುಗಿ ಕಳಿಸಿದ್ದನ್ನ ಅಜ್ಜಿ ಕಿವಿಗೆ ಫೋನ್ ಒತ್ಕೊಂಡು ಕೇಳ್ತಾರೆ, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸ್ತಾರೆ, ಮತ್ತೆ ಕೇಳ್ತಾರೆ. ಆರನೇ ವಾರ ಕೀರ್ತನೆ 23 ಪೂರ್ತಿ ಒಂದೂ ತಪ್ಪಿಲ್ಲದೆ ಹೇಳಿದ್ದು ಅಜ್ಜಿ, ನಾಲ್ಕನೇ ವಚನದಲ್ಲಿ ತಡವರಿಸಿದ್ದು ಹುಡುಗಿ, ಅಜ್ಜಿನೇ ಮೆಲ್ಲಗೆ ಮುಂದಿನ ಪದ ಹೇಳ್ಕೊಟ್ರು.

23 ಆದ್ಮೇಲೆ ಕೀರ್ತನೆ 1 ಹಿಡೀರಿ, ಅದೂ 6 ವಚನನೇ. ಮೊದಲ ವಾರ ಮಾತ್ರ ಹೊಸದೇನೂ ಕೊಡ್ಬೇಡಿ, 23ನ್ನೇ ಎಲ್ರೂ ಸೇರಿ ಇನ್ನೊಂದ್ಸಲ ಹೇಳಿ.