ಹಳೆ ಪಿಂಗಾಣಿ, ಗಾಜಿನ ಇನ್ಸುಲೇಟರ್ ಕೂಡಿಸುವವರು ಮೊದಲು ಒಂದು ನೋಟ್‌ಬುಕ್ ತಗೊಳ್ಳಿ

ಇನ್ಸುಲೇಟರ್ ಅಂದರೆ ತಂತಿ ಕಂಬಕ್ಕೋ ಗೋಡೆಗೋ ತಾಗದ ಹಾಗೆ ಹಿಡಿಯುವ ಪಿಂಗಾಣಿ ಇಲ್ಲವೇ ಗಾಜಿನ ತುಂಡು. ಅದನ್ನು ಹುಡುಕಲು ಹೊರಡುವ ಮುಂಚೆ ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಪಿಂಗಾಣಿ ಆಮೇಲೆ. ಇದನ್ನು ನಾನು ಕೈ ಸುಟ್ಟುಕೊಂಡು ಕಲಿತೆ.

ಕಲಬುರಗಿಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ತಾಮ್ರದ ತಂತಿಗಾಗಿ ಗುಜರಿ ಅಂಗಡಿಗಳಿಗೆ ಹೋಗಿ ಬರೋದು ಇದ್ದೇ ಇತ್ತು. ಹತ್ತೊಂಬತ್ತು ವರ್ಷದ ಹಿಂದೆ ಶಹಾಬಾದಿನ ಒಂದು ಅಂಗಡಿಯ ಮೂಲೆಯಲ್ಲಿ ಗೋಣಿಚೀಲದ ತುಂಬ ಬಿಳಿ ಪಿಂಗಾಣಿ ಕಂಡವು. ಎಣಿಸಿದರೆ ಇಪ್ಪತ್ತೆರಡು. ಮೂರರ ಮೇಲೆ ‘ಬುಲ್ಲರ್ಸ್, ಲಂಡನ್’ ಅಂತ ಅಚ್ಚಿತ್ತು. ಖುಷಿಗೆ ಮೈಮರೆತು ಆರುನೂರು ರೂಪಾಯಿ ಕೊಟ್ಟು ಎತ್ತಿಕೊಂಡು ಬಂದೆ, ಎಲ್ಲಿಂದ ಬಂದ ಮಾಲು ಅಂತ ಒಂದು ಮಾತು ಕೇಳಲಿಲ್ಲ. ಎರಡು ತಿಂಗಳು ಬಿಟ್ಟು ಕೇಳೋಣ ಅಂತ ಹೋದರೆ ಅಂಗಡಿಗೆ ಬೀಗ. ಆ ಮೂರೂ ಈಗಲೂ ನನ್ನ ಹತ್ತಿರ ಇವೆ. ಹಳಿ ಪಕ್ಕದ ತಾರಿನ ಕಂಬದವೋ, ಯಾವುದಾದರೂ ಕಾರ್ಖಾನೆಯವೋ, ಇನ್ನು ಯಾರೂ ಹೇಳುವವರಿಲ್ಲ. ಇಂಗ್ಲೆಂಡಿನಲ್ಲಿ ಸುಟ್ಟ ಪಿಂಗಾಣಿ ನಮ್ಮ ಭೀಮಾ ದಂಡೆಗೆ ಯಾಕೆ ಬಂತು ಅನ್ನೋದೇ ಅದರ ಅರ್ಧ ಬೆಲೆ. ಆ ಅರ್ಧವನ್ನು ನಾನು ಕಳೆದುಕೊಂಡೆ.

ಅದಕ್ಕೇ ಸಿಕ್ಕ ಜಾಗ, ಕೊಟ್ಟವರು ಹೇಳಿದ ಮಾತು, ತಾರೀಖು, ಈ ಮೂರನ್ನು ಮನೆಗೆ ಬರುವ ಮೊದಲೇ ಬರೆಯಿರಿ.

ಎಲ್ಲಿ ಸಿಗುತ್ತವೆ? ನಮ್ಮ ಭಾಗ ಇದಕ್ಕೆ ಒಳ್ಳೆಯ ಜಾಗ. ಮುಂಬೈ ಕಡೆಯಿಂದ ಬಂದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲು ಮಾರ್ಗ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಹಳಿ ಇದ್ದಲ್ಲೆಲ್ಲ ಪಕ್ಕದಲ್ಲಿ ತಾರಿನ ಕಂಬ ಇತ್ತು, ಕಂಬದ ಮೇಲೆ ಪಿಂಗಾಣಿ ಇತ್ತು. ಜೊತೆಗೆ ಶಹಾಬಾದ್, ವಾಡಿಯ ಸಿಮೆಂಟ್ ಕಾರ್ಖಾನೆಗಳು. ಆದರೆ ನಿಂತ ಕಂಬಕ್ಕೆ, ಬಿದ್ದ ಕಂಬಕ್ಕೂ ಸಹ, ಕೈ ಹಚ್ಚಬೇಡಿ. ಲೈನ್ ಸತ್ತಿದೆ ಅಂತ ಕಾಣುತ್ತದೆ, ಸತ್ತಿರೋದಿಲ್ಲ. ಸತ್ತಿದ್ದರೂ ಅದು ಇಲಾಖೆಯ ಮಾಲು: 2003ರ ವಿದ್ಯುತ್ ಕಾಯ್ದೆಯ 136ನೇ ಕಲಮಿನ ಕೆಳಗೆ ಲೈನಿನ ಸಾಮಾನು ಕದ್ದವರಿಗೆ ಮೂರು ವರ್ಷದವರೆಗೆ ಜೈಲು ಇದೆ. ರೈಲ್ವೆ ಸಾಮಾನಿಗೆ 1966ರದೇ ಬೇರೆ ಕಾಯ್ದೆ. ಹರಾಜಿನಲ್ಲಿ ಕೊಂಡ ಗುಜರಿಯವರಿಂದ ಚೀಟಿ ಸಮೇತ ತಗೊಳ್ಳಿ. ಚೀಟಿ ಕೊಡದವರ ಹತ್ತಿರ ಎಷ್ಟೇ ಚೆಂದದ್ದು ಇದ್ದರೂ ನಾನು ಬಿಟ್ಟು ಬರುತ್ತೇನೆ.

ಎಲ್ಲಕ್ಕಿಂತ ಒಳ್ಳೆಯ ಜಾಗ ಹಳೆ ಮನೆಗಳು. ಕಂಬದ ಇನ್ಸುಲೇಟರೇ ಬೇಕು ಅಂತ ಹಟ ಹಿಡಿದವರು ಇದನ್ನು ಬಿಟ್ಟುಬಿಡುತ್ತಾರೆ. ಮೊದಲೆಲ್ಲ ಮನೆಯೊಳಗೆ ಕ್ಲೀಟ್ ವೈರಿಂಗ್ ಇರುತ್ತಿತ್ತು: ಎರಡು ಪಿಂಗಾಣಿ ತುಂಡಿನ ನಡುವೆ ತಂತಿ ಹಿಡಿದು ಜಂತಿಗೆ ಸ್ಕ್ರೂ ಹೊಡೆಯೋದು, ತಂತಿ ಗೋಡೆಗೆ ತಾಗದ ಹಾಗೆ. ಇಲ್ಲೇ ಕಲಬುರಗಿಯ ಬ್ರಹ್ಮಪುರದ ಒಂದು ಮನೆ ಕೆಡವುವ ಹೊತ್ತಿಗೆ ಹೋಗಿದ್ದೆ. ಆ ಮನೆಯ ಆಯಿ ಹಿಟ್ಟಿನ ಡಬ್ಬಿ ತಂದು ಮುಂದೆ ಸುರಿದರು. ನಲವತ್ತಕ್ಕೂ ಮೇಲೆ ಕ್ಲೀಟು, ಎರಡು ಕಿಟ್‌ಕ್ಯಾಟ್ ಫ್ಯೂಸು (ಕೈಯಿಂದ ಕಿತ್ತು ಹಾಕುವ ಪಿಂಗಾಣಿ ಫ್ಯೂಸು), ಒಂದು ಸೀಲಿಂಗ್ ರೋಸು (ಛಾವಣಿಯಿಂದ ಬಲ್ಬಿನ ತಂತಿ ಇಳಿಬಿಡುವ ಬಿಲ್ಲೆ).

‘ಸುಣ್ಣ ಹಚ್ಚಾಗ ಅಡ್ಡ ಬರ್ತಾವಂತ ಕಿತ್ತಿಟ್ಟಿದ್ದೆ. ಏನ್ ಮಾಡ್ತಿ ತಮ್ಮಾ ಇವು ತಗೊಂಡು?’

‘ಕೂಡಿಸಿ ಇಡ್ತೀನ್ರೀ ಆಯಿ. ನಿಮ್ಮನಿಗೆ ಕರೆಂಟ್ ಯಾವಾಗ ಬಂತು, ನೆನಪದ ಏನ್ರಿ?’

‘ಅದ್ಯಾಕ ನೆನಪಿರಲ್ಲ? ನಮ್ಮ ದೊಡ್ಡಾವ ತೊಟ್ಟಿಲದಾಗಿದ್ದ. ಲೈಟ್ ಹತ್ತಿದ ಕೂಡ್ಲೆ ಅಳೋದು ಬಿಟ್ಟು ಮ್ಯಾಲೆ ನೋಡ್ಕೋತ ಮಲಗಿದ್ದ.’

ದೊಡ್ಡ ಮಗನ ಶಾಲೆಯ ಟಿಸಿ ತೆಗೆಸಿ ನೋಡಿದೆವು. ಹುಟ್ಟಿದ್ದು 1961. ಯಾವ ಅಚ್ಚಿನ ಗುರುತೂ ಇಲ್ಲದ ಆ ಕ್ಲೀಟುಗಳಿಗೆ ಹೀಗೆ ಒಂದು ವರ್ಷ ಸಿಕ್ಕಿತು. ಹಳೆ ಮನೆಗೆ ಹೋದಾಗ ಇಸವಿ ಕೇಳಬೇಡಿ, ಯಾರ ಮದುವೆ, ಯಾರ ಬಾಣಂತನ ಅಂತ ಕೇಳಿ.

ಇನ್ನು ಗುರುತು ಓದೋದು. ಅಚ್ಚು ಸಾಮಾನ್ಯವಾಗಿ ನೆತ್ತಿಯ ಮೇಲೆ ಇಲ್ಲವೇ ಮಗ್ಗುಲಲ್ಲಿ, ಮೆರುಗಿನ ಕೆಳಗೆ ಇರುತ್ತದೆ. ಕಾಣದಿದ್ದರೆ ಸಂಜೆ ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡಿ, ಅಕ್ಷರದ ನೆರಳು ಏಳುತ್ತದೆ. ಐಎಸ್‌ಐ ಗುರುತಿದ್ದರೆ ಅದು 1950ರ ದಶಕದ ಮಧ್ಯಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಯಾಕಂದರೆ ಆ ಗುರುತೇ ಆಗ ಬಂದದ್ದು. ಬೆಂಗಳೂರಿನ ಮೈಸೂರು ಪೋರ್ಸಲೇನ್ಸ್ ಕಾರ್ಖಾನೆ 1976ರಲ್ಲಿ ಸರ್ಕಾರಿ ಕಂಪನಿ ಬಿಎಚ್‌ಇಎಲ್ ಸೇರಿತು. ಹಾಗಾಗಿ ಒಂದೇ ಊರಿನ ಮಾಲಿನಲ್ಲೂ ಹೆಸರು ನೋಡಿ ಹಿಂದೆ ಮುಂದೆ ಹೇಳಬಹುದು.

ಆಕಾರದಿಂದ ಕೆಲಸ ಗೊತ್ತಾಗುತ್ತದೆ. ಗಿರಕಿಯ ಹಾಗಿದ್ದರೆ ಶಾಕಲ್, ಬೀದಿಯ ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನಿನದು. ಛತ್ರಿ ಮೇಲೆ ಛತ್ರಿ ಇಟ್ಟ ಹಾಗಿದ್ದು ಕೆಳಗೆ ತೂತಿದ್ದರೆ ಪಿನ್ ಇನ್ಸುಲೇಟರ್. ಆ ಛತ್ರಿ ಯಾಕಂದರೆ ಮಳೆ ಬಂದರೂ ಒಳಗಿನ ಮಡಿಕೆ ಒಣಗಿರಬೇಕು, ಕರೆಂಟಿಗೆ ಹರಿಯಲು ಒದ್ದೆ ದಾರಿ ಸಿಗಬಾರದು. ತೂತಿನೊಳಗೆ ಸೀಸದ ಬಳೆ ಇರಬಹುದು, ಮುಟ್ಟಿದರೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ತಟ್ಟೆಯಂಥದ್ದು ಡಿಸ್ಕ್, ಒಂದರ ಕೆಳಗೊಂದು ಸರ ಕಟ್ಟುವುದು. ನನಗೆ ಬಹಳ ಇಷ್ಟವಾದದ್ದು ಸ್ಟೇ ವೈರಿನ ಮೊಟ್ಟೆ, ಅಂದರೆ ಕಂಬ ವಾಲದ ಹಾಗೆ ನೆಲಕ್ಕೆ ಎಳೆದು ಕಟ್ಟುವ ತಂತಿಯ ನಡುವಿನ ಮೊಟ್ಟೆಯಾಕಾರದ ಇನ್ಸುಲೇಟರ್. ಅದರಲ್ಲಿ ಎರಡು ತೂತು ಒಂದಕ್ಕೊಂದು ಅಡ್ಡ ಇವೆ. ಮೇಲಿನ ತಂತಿ, ಕೆಳಗಿನ ತಂತಿ ಒಂದರೊಳಗೊಂದು ಕೊಂಡಿ ಹಾಕಿಕೊಂಡಿರುತ್ತವೆ. ಮೊಟ್ಟೆ ಒಡೆದು ಪುಡಿಯಾದರೂ ಕೊಂಡಿ ಬಿಚ್ಚುವುದಿಲ್ಲ, ಕಂಬ ವಾಲುವುದಿಲ್ಲ. ಇಷ್ಟು ಯೋಚಿಸಿ ಮಾಡಿದ ಸಾಮಾನನ್ನು ಜನ ಬಾಗಿಲಿಗೆ ಅಡ್ಡ ಇಡುತ್ತಾರಲ್ಲ ಅಂತ ಸಂಕಟವಾಗುತ್ತದೆ.

ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ಪಿಂಗಾಣಿ ಠಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ದಬ್ ಅನ್ನುತ್ತದೆ. ಅನುಮಾನ ಬಂದರೆ ನೀರಿನಲ್ಲಿ ಅದ್ದಿ ಒರೆಸಿ ಬಿಸಿಲಿಗಿಡಿ: ಎಲ್ಲ ಒಣಗಿದ ಮೇಲೂ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದರೆ ಅದೇ ಬಿರುಕು. ಮೆರುಗಿಲ್ಲದ, ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಹನಿ ಇಂಕು ಬಿಟ್ಟು ಹತ್ತು ನಿಮಿಷದ ನಂತರ ಒದ್ದೆ ಬಟ್ಟೆಯಿಂದ ಒರೆಸಿ. ಹೋಗಿಬಿಟ್ಟರೆ ಒಳಗೆ ಬಿಗಿಯಾದ ಮಣ್ಣು. ಕಲೆ ಕೂತರೆ ನೀರು ಕುಡಿಯುವ ಜಾತಿ, ಕಡಿಮೆ ವೋಲ್ಟೇಜಿಗೆ ಮಾಡಿದ್ದು. ಆ ಕಲೆ ಆಮೇಲೆ ಹೋಗೋದಿಲ್ಲ, ಅದಕ್ಕೇ ಮರೆಯ ಜಾಗ ಅಂದದ್ದು.

ವಾಡಿ, ಶಹಾಬಾದ್ ಕಡೆಯ ಮಾಲಿನ ಮೇಲೆ ಸಿಮೆಂಟ್ ಧೂಳು ಇಬ್ಬನಿ ಕುಡಿದು ಗಟ್ಟಿಯಾಗಿ ಬೂದು ಹೆಕ್ಕಳಿಕೆಯಾಗಿರುತ್ತದೆ. ರಾತ್ರಿಯಿಡೀ ನೀರಲ್ಲಿ ನೆನೆಸಿ, ಬೆಳಿಗ್ಗೆ ಬಿದಿರಿನ ಚಕ್ಕೆಯಿಂದ ಕೆರೆಯಿರಿ. ಉಳಿದದ್ದಕ್ಕೆ ವಿನೆಗರ್ ಅದ್ದಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಡಿ. ಮೂರ್ನಾಲ್ಕು ಸಲ ಮಾಡಬೇಕಾಗುತ್ತದೆ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಬೇಡ, ಡಿಸ್ಕಿನ ಕಬ್ಬಿಣದ ಟೊಪ್ಪಿಗೆಯ ಸತುವನ್ನೂ ಜೋಡಣೆಯ ಸಿಮೆಂಟನ್ನೂ ತಿಂದುಹಾಕುತ್ತದೆ. ಮೆರುಗಿನ ಮೇಲೆ ಮಿಂಚು ಹರಿದ ಹಾಗೆ ಸುಟ್ಟ ಗೆರೆ ಕಂಡರೆ ಉಜ್ಜಬೇಡಿ. ಅಲ್ಲಿ ಒಮ್ಮೆ ಕರೆಂಟ್ ಹಾರಿದೆ, ಆ ರಾತ್ರಿ ಯಾವುದೋ ಊರು ಕತ್ತಲಲ್ಲಿ ಕೂತಿದೆ. ಅದನ್ನೂ ಬರೆದಿಡಿ.

ಗಾಜಿನದಕ್ಕೆ ಬಿಸಿನೀರು ತೋರಿಸಬೇಡಿ. ಹೈದರಾಬಾದಿನಿಂದ ತಂದ, ಅಮೆರಿಕದ ಹೆಮಿಂಗ್ರೇ ಕಂಪನಿಯ ತಿಳಿನೀಲಿ ಗಾಜಿನ ಇನ್ಸುಲೇಟರ್ ಒಂದಿತ್ತು, ಅಂಚಿನ ಕೆಳಗೆ ನೀರು ತೊಟ್ಟಿಕ್ಕಲು ಸಣ್ಣ ಹಲ್ಲುಗಳ ಸಾಲು, ಮೈಮೇಲೆ 1893ರ ಮೇ 2ರ ಪೇಟೆಂಟ್ ತಾರೀಖು. ಡಿಸೆಂಬರ್ ಬೆಳಿಗ್ಗೆ ಜಿಡ್ಡು ಹೋಗಲಿ ಅಂತ ಕಾದ ನೀರು ಸುರಿದೆ. ಟಿಕ್ ಅಂತ ಒಂದೇ ಸದ್ದು, ನೆತ್ತಿಯಿಂದ ಅಂಚಿನವರೆಗೆ ಸೀಳು. ಇವತ್ತಿಗೂ ಅದನ್ನು ಕಪಾಟಿನಿಂದ ತೆಗೆದಿಲ್ಲ. ಕಡುನೇರಳೆ ಗಾಜು ತೋರಿಸಿ ದುಬಾರಿ ಬೆಲೆ ಹೇಳಿದರೆ ಅವಸರ ಬೇಡ. ಮ್ಯಾಂಗನೀಸ್ ಇರುವ ಹಳೆ ಗಾಜು ಬಿಸಿಲಿಗೆ ನೇರಳೆಯಾಗೋದು ನಿಜ, ಅದು ತಿಳಿಯಾಗಿರುತ್ತದೆ. ವಿಕಿರಣ ಹಾಯಿಸಿ ಗಾಢ ಮಾಡಿ ಮಾರುವವರೂ ಇದ್ದಾರೆ. ಗಾಜಿನ ಡಿಸ್ಕ್ ಬೇರೆಯೇ ಜಾತಿ, ಹದ ಹಾಕಿದ ಗಾಜು. ಅಂಚಿಗೆ ಪೆಟ್ಟು ಬಿದ್ದರೆ ಇಡೀ ತಟ್ಟೆ ಕಾಳು ಕಾಳಾಗಿ ಉದುರುತ್ತದೆ. ಲೈನ್‌ಮ್ಯಾನ್ ನೆಲದಿಂದಲೇ ನೋಡಿ ಯಾವುದು ಹೋಗಿದೆ ಅಂತ ಹೇಳುವುದು ಇದರಿಂದಲೇ. ಮನೆಯಲ್ಲಿ ಅದನ್ನು ಎತ್ತರದಲ್ಲಿ ಇಡಬೇಡಿ.

ಒಂದೊಂದು ಡಿಸ್ಕ್ ನಾಲ್ಕೈದು ಕಿಲೋ ತೂಗುತ್ತದೆ. ನನ್ನ ಮರದ ಕಪಾಟು ಎರಡನೇ ವರ್ಷಕ್ಕೇ ನಡು ಬಾಗಿತು. ಆಮೇಲೆ ಗೋಡೆಗೆ ಶಹಾಬಾದ್ ಕಲ್ಲಿನ ಹಲಗೆ ಕೂಡಿಸಿದೆ. ಕಲ್ಲಿನ ಮೇಲೆ ಹಳೆ ಕೌದಿಯ ತುಂಡು, ಅದರ ಮೇಲೆ ಪಿಂಗಾಣಿ, ಪ್ರತಿಯೊಂದರ ಕುತ್ತಿಗೆಗೆ, ಮೊದಲು ಲೈನಿನ ತಂತಿ ಕಟ್ಟುತ್ತಿದ್ದ ಅದೇ ಮಡಿಕೆಯಲ್ಲಿ, ನೂಲಿನಿಂದ ಒಂದು ಚೀಟಿ. ಚೀಟಿಯ ಮೇಲೆ ನಂಬರು ಮಾತ್ರ ಇರಲಿ, ಉಳಿದದ್ದು ನೋಟ್‌ಬುಕ್ಕಿನಲ್ಲಿ. ಪೆನ್ನು ಬೇಡ, ಪೆನ್ಸಿಲಿನಲ್ಲಿ ಬರೆಯಿರಿ, ಮಳೆಗಾಲದ ತೇವಕ್ಕೆ ಹರಡುವುದಿಲ್ಲ.