ಓದೋಕಾಗಲ್ಲ ಅಂತ ಬಿಟ್ಟಿದ್ದ ರೋಡ್ಸ್ ಮುದ್ರೆಗಳು: ನನ್ನ ಅನುಭವ

ಗ್ರೀಸಿನ ರೋಡ್ಸ್ ದ್ವೀಪದ ಆಂಫೋರಾಗಳ (ವೈನ್ ತುಂಬ್ತಿದ್ದ ಎರಡು ಹಿಡಿಯ ಪ್ರಾಚೀನ ಮಣ್ಣಿನ ಜಾಡಿ) ಹಿಡಿ ಮೇಲೆ ಒತ್ತಿರೋ ಮುದ್ರೆ ಸವೆದುಹೋಗಿದ್ರೂ ಕಡಿಮೆ ಖರ್ಚಲ್ಲೇ ಓದಬಹುದು ಅಂದಾಗ ನಮ್ಮ ಟೀಮಲ್ಲಿ ಒಬ್ಬರೂ ನಂಬಲಿಲ್ಲ. ಈಗ ‘ಅಸ್ಪಷ್ಟ’ ಅಂತ ಚೀಟಿ ಅಂಟಿಸಿ ಮೂಲೆಗಿಟ್ಟಿದ್ದ ಕ್ರೇಟುಗಳಲ್ಲಿ ಹೆಚ್ಚುಕಮ್ಮಿ ಮೂರಕ್ಕೊಂದು ಹಿಡಿಗೆ ಹೆಸರು ಸಿಕ್ಕಿದೆ, ಅದಕ್ಕೇ ಬರೀತಿದ್ದೀನಿ.

ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜೋದು ಎಲ್ಲರಿಗೂ ಗೊತ್ತಿರೋದೇ. ಮುದ್ರೆ ಗಟ್ಟಿ ಇದ್ರೆ ಇವತ್ತಿಗೂ ಅದೇ ಬೆಸ್ಟು, ಆದ್ರೆ ಸವೆದದ್ದರ ಮೇಲೆ ಉಜ್ಜಿದ್ರೆ ಅಕ್ಷರ ಬರಲ್ಲ, ಮಣ್ಣಿನ ಕಾಳು ಬರುತ್ತೆ. ಆಮೇಲೆ ನಮ್ಮ ಕಡೆ ಶಾಸನದ ಅಚ್ಚು ತೆಗೀತಾರಲ್ಲ, ಹಾಗೆ ಒದ್ದೆ ಕಾಗದ ಹಾಕಿ ಬ್ರಷ್ಷಲ್ಲಿ ಬಡಿದು ನೋಡಿದೆ. ಬಂಡೆ ಮೇಲೆ ಚೆನ್ನಾಗಿ ಕೂರೋ ಕಾಗದ ಈ ಬಾಗಿದ ಹಿಡಿ ಮೇಲೆ ಸುಕ್ಕಾಗಿ ಸರಿಯಾಗಿ ಅಕ್ಷರ ಇರೋ ಕಡೆಯೇ ಮಡಚಿಕೊಳ್ಳುತ್ತೆ. ಸಿಲಿಕೋನಿಗೆ ಎಪ್ಪತ್ತು ಯೂರೋ ಹತ್ರ ಹೋಯ್ತು, ಮುದ್ರೆ ಇಲ್ಲದ ಚೂರುಗಳ ಮೇಲೆ ಟೆಸ್ಟ್ ಮಾಡಿದಾಗ್ಲೇ ಮೇಲ್ಪದರ ಕಿತ್ತು ಬಂತು, ಅಲ್ಲಿಗೇ ನಿಲ್ಲಿಸಿದೆ. ಆರ್‌ಟಿಐ ಅಂದ್ರೆ ಬೇರೆ ಬೇರೆ ದಿಕ್ಕಿಂದ ಬೆಳಕು ಹಾಕಿ ತೆಗೆದ ಫೋಟೋಗಳನ್ನ ಕಂಪ್ಯೂಟರಲ್ಲಿ ಕೂಡಿಸಿ ಉಬ್ಬುತಗ್ಗು ನೋಡೋದು, ಅದಕ್ಕೆ ಬೇಕಾದ ದೀಪ ಜೋಡಿಸಿದ ಡೋಮಿಗೆ ಕೊಟೇಶನ್ ತರಿಸಿದ್ವಿ, ಎಂಟು ಸಾವಿರ ಯೂರೋ ಮೇಲೆ!

ಕೊನೆಗೆ ಡೋಮ್ ಇಲ್ದೇನೆ ಆರ್‌ಟಿಐ ಶುರು ಮಾಡಿದೆ. ಬೆಳಕು ಯಾವ ದಿಕ್ಕಿಂದ ಬಿತ್ತು ಅಂತ ತೋರಿಸೋಕೆ ಕಪ್ಪು ಹೊಳಪಿನ ಎರಡು ಗೋಲಿ, ಒಂದು ಎಲ್‌ಇಡಿ ಟಾರ್ಚ್, ದೂರ ಒಂದೇ ಸಮ ಇರ್ಲಿ ಅಂತ ದಾರ, ಹಳೇ ಮ್ಯಾಕ್ರೋ ಲೆನ್ಸು, ಸಾಫ್ಟ್‌ವೇರ್ ಫ್ರೀ. ಹೊಸದಾಗಿ ಖರ್ಚಾಗಿದ್ದು ನಲವತ್ತು ಯೂರೋ ಇರಬಹುದು. ಹಿಡಿಗೊಂದು ನಲವತ್ತೈವತ್ತು ಫೋಟೋ, ಅದರಲ್ಲಿ ಅರ್ಧದಷ್ಟಾದ್ರೂ ಬೆಳಕು ನೆಲಕ್ಕೆ ತಾಗೋ ಹಾಗೆ ಅಡ್ಡಡ್ಡ ಬೀಳಬೇಕು. ಸಾಫ್ಟ್‌ವೇರಲ್ಲಿ ಸ್ಪೆಕ್ಯುಲರ್ ಮೋಡಿಗೆ (ಮೇಲ್ಮೈ ಹೊಳೆಯೋ ಹಾಗೆ ತೋರಿಸೋ ಮೋಡ್) ಹಾಕಿದ್ರೆ ಮಣ್ಣಿನ ಬಣ್ಣ ಪೂರ್ತಿ ಹೋಗಿ ಬರೀ ಉಬ್ಬುತಗ್ಗು ಕಾಣುತ್ತೆ.

ಆದ್ರೂ ಬಹಳಷ್ಟು ಮುದ್ರೆ ಅರ್ಧಂಬರ್ಧ. ಇಲ್ಲೇ ನನ್ನ ನಿಜವಾದ ಕೆಲಸ ಇರೋದು. ಒಂದೇ ಅಚ್ಚಿಂದ ಎಷ್ಟೋ ಹಿಡಿಗೆ ಒತ್ತಿರ್ತಾರೆ, ಒಂದರಲ್ಲಿ ಎಡಗಡೆ ಸವೆದಿದ್ರೆ ಇನ್ನೊಂದರಲ್ಲಿ ಬಲಗಡೆ ಸವೆದಿರುತ್ತೆ, ಎರಡೂ ಇಮೇಜನ್ನ ಒಂದರ ಮೇಲೊಂದು ಹಾಕಿ ಕೂಡಿಸಿದೆ. ಸುಟ್ಟಾಗ ಮಣ್ಣು ಒಂದೊಂದು ಪಾತ್ರೇಲಿ ಒಂದೊಂದು ಥರ ಕುಗ್ಗಿರುತ್ತೆ, ಹಾಗಾಗಿ ಹಿಗ್ಗಿಸಿ ಕುಗ್ಗಿಸಿ ಹೊಂದಿಸಬೇಕು, ಎಷ್ಟು ಅಂತ ಹೇಗೆ ಹಿಡೀತೀನಿ ಅನ್ನೋದನ್ನ ಮಾತ್ರ ಸದ್ಯಕ್ಕೆ ನನ್ನ ಹತ್ರಾನೇ ಇಟ್ಕೋತೀನಿ, ಪೇಪರ್ ಬರಲಿ. ಹೀಗೆ ಬಂದ ಮೊದಲನೇದು ಚೌಕಟ್ಟಿನ ಮುದ್ರೆ: ಮೇಲಿನ ಸಾಲಲ್ಲಿ ‘ಎಪಿ’ (‘ಇಂಥವರ ಅಧಿಕಾರದಲ್ಲಿ’ ಅಂತ), ಆಮೇಲೆ ‘ಪೌಸಾನಿಯಾ’ (ಪೌಸಾನಿಯಾಸ್ ಅನ್ನೋ ಪುರೋಹಿತನ ಹೆಸರು), ಕೆಳಗೆ ‘ಅಗ್ರಿಯಾನಿಯು’ (ತಿಂಗಳಿನ ಹೆಸರು). ತಿಂಗಳಿನ ‘ಗ್ರಿ’ ಒಂದು ಹಿಡಿಯಿಂದ, ಕೊನೆ ‘ನಿಯು’ ಇನ್ನೊಂದರಿಂದ. ಹೀಲಿಯೊಸ್ ದೇವರ ಪುರೋಹಿತ ವರ್ಷಕ್ಕೊಬ್ಬ ಬದಲಾಗೋದ್ರಿಂದ ಹೆಸರು ಸಿಕ್ಕಿದ್ರೆ ವರ್ಷಾನೇ ಸಿಕ್ಕ ಹಾಗೆ, ಆದ್ರೆ ಪೌಸಾನಿಯಾಸ್ ಅನ್ನೋ ಪುರೋಹಿತರು ಒಬ್ಬರಲ್ಲ. ಅಲ್ಲಿ ಹಿಡಿಯ ಬಾಗು ನೋಡಬೇಕು, ಹಳೇವು ದುಂಡಗೆ ಬಾಗಿರ್ತವೆ, ಬರ್ತಾ ಬರ್ತಾ ಮೂಲೆ ಚೂಪಾಗುತ್ತೆ. ಅಕ್ಷರ ಓದೋಕೆ ಮುಂಚೆನೇ ನಾನು ಬಾಗು ನೋಡಿ ವಿಂಗಡಿಸಿ ಇಟ್ಟಿರ್ತೀನಿ, ಹೋಲಿಸೋ ರಾಶಿ ಚಿಕ್ಕದಾಗುತ್ತೆ.

ಇಷ್ಟೆಲ್ಲಾ ಯಾಕೆ ಅಂದ್ರೆ, ಅಥೆನ್ಸಿನ ಅಗೋರಾದ (ಹಳೇ ಮಾರುಕಟ್ಟೆ ಚೌಕ) ಮಿಡಲ್ ಸ್ಟೋವಾ ಅನ್ನೋ ಕಂಬಸಾಲಿನ ಕಟ್ಟಡಕ್ಕೆ ಪುರಾತತ್ವಜ್ಞೆ ವರ್ಜೀನಿಯಾ ಗ್ರೇಸ್ ಅವ್ರು 1985ರಲ್ಲಿ ಕಾಲ ಕಟ್ಟಿದ್ದು ಇಂಥ ಮುದ್ರೆಗಳಿಂದಾನೇ. ಓದೋಕಾಗಲ್ಲ ಅಂತ ಬಿಟ್ಟ ಒಂದೊಂದು ಹಿಡೀನೂ ಆ ಪದರದ ಒಂದು ತಾರೀಖು.

ನಡುವೆ ಅಲ್ಯೂಮಿನಿಯಂ ಫಾಯಿಲ್ ಒತ್ತಿ ನೋಡಿದೆ, ದುಂಡನೆ ಗುಲಾಬಿ ಮುದ್ರೆಗೆ, ಅದೇ ಹಿಪ್ಪೊಕ್ರಾಟೆಸ್, ದಾಮೊಕ್ರಾಟೆಸ್ ಥರದ ಜಾಡಿ ತಯಾರಕರ ಹೆಸರಿರೋವಕ್ಕೆ, ಪರವಾಗಿಲ್ಲ. ಹೂವಿನ ಎಸಳು ಚೆನ್ನಾಗಿ ಬರುತ್ತೆ, ಸುತ್ತಲಿನ ಅಕ್ಷರ ಅಷ್ಟಕ್ಕಷ್ಟೆ.

ಕ್ನಿಡೊಸ್ (ಇನ್ನೊಂದು ಪ್ರಾಚೀನ ಗ್ರೀಕ್ ಊರು) ಜಾಡಿಗಳ ಹಿಡಿಗೆ ಮಾತ್ರ ಈ ಆರ್‌ಟಿಐ ಸೆಟ್ಟಿಂಗ್ ಹಾಕಬೇಡಿ. ನನ್ನ ಕೈಗೆ ಬಂದವೆಲ್ಲ ಮೇಲ್ಮೈ ಒರಟು, ಸ್ಪೆಕ್ಯುಲರಲ್ಲಿ ಕಾಳೆಲ್ಲ ಅಕ್ಷರದ ಹಾಗೇ ಕಾಣುತ್ತೆ. ಅದಕ್ಕೆ ಬೆಳಕು ಸ್ವಲ್ಪ ಮೇಲಕ್ಕೆತ್ತಿ ಫೋಟೋ ತೆಗೀತಿದ್ದೀನಿ, ಈವರೆಗೆ ಹತ್ತಕ್ಕೆ ಒಂದೋ ಎರಡೋ ಓದೋಕೆ ಬಂದಿವೆ.