ರೇಷನ್ ಬುಕ್ ಕಾಲದ ಅಮೆರಿಕದ ಅಡುಗೆಮನೆಯಿಂದ ನಮಗೊಂದಿಷ್ಟು

ಅಮೆರಿಕದವ್ರು ಅಂದ್ರೆ ಬರೀ ಬಿಸಾಕೋ ಜನ ಅಂತ ನಾವು ಮಾತಾಡ್ಕೊಳ್ತೀವಲ್ಲ, ಎರಡನೇ ಮಹಾಯುದ್ಧದ ಟೈಮಲ್ಲಿ ಅದೇ ದೇಶದ ಹೆಂಗಸ್ರು ಬಾಣಲೆ ತಳದ ಕೊಬ್ಬನ್ನೂ ಬಿಡ್ದೆ ಸೋಸಿ ಡಬ್ಬಿಗೆ ತುಂಬಿಡ್ತಿದ್ರು ಕಣ್ರೀ. 1941ರ ಡಿಸೆಂಬರಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬ್ ಹಾಕಿದ್ದೇ ತಡ ಗಂಡಸ್ರು ಯುದ್ಧಕ್ಕೆ ಹೊರಟ್ರು, ಇತ್ತ ಫಿಲಿಪೀನ್ಸಿಂದ ಬರ್ತಿದ್ದ ಸಕ್ಕರೆ ನಿಂತೋಗಿ 1942ರ ಮೇ ತಿಂಗಳಿಗೆ ರೇಷನ್ ಶುರು, ತಲೆಗೆ ವಾರಕ್ಕೆ ಅರ್ಧ ಪೌಂಡ್. ಅಂದ್ರೆ ಕಾಲು ಕೆಜಿಗೆ ಸ್ವಲ್ಪ ಕಮ್ಮಿ. ನನ್ನ ಕೇಳಿದ್ರೆ ಅದೂ ಜಾಸ್ತೀನೇ!

ಆ ಕೊಬ್ಬು ಯಾಕೆ ಅಂದ್ರೆ ಅದ್ರಿಂದ ಗ್ಲಿಸರಿನ್ ತೆಗ್ದು ಸಿಡಿಮದ್ದು ಮಾಡ್ತಿದ್ರು, ಮಾಂಸದಂಗಡಿಗೆ ತಗೊಂಡೋಗಿ ಕೊಟ್ರೆ ಪೌಂಡಿಗೆ 4 ಸೆಂಟ್ ಸಿಗೋದು. ನಮ್ಗೆ ಬಾಂಬ್ ಬೇಡ ಬಿಡಿ, ಆದ್ರೆ ಹಪ್ಪಳ ಸಂಡಿಗೆ ಕರಿದ ಎಣ್ಣೇನ ಸಿಂಕಿಗೆ ಸುರೀಬೇಡಿ, ಪೈಪ್ ಕಟ್ಕೊಳುತ್ತೆ. ಆರಿದ್ಮೇಲೆ ಬಟ್ಟೇಲಿ ಸೋಸಿ ಸ್ಟೀಲ್ ಡಬ್ಬೀಲಿಟ್ಟು ಎರಡ್ಮೂರು ದಿನದೊಳಗೆ ಒಗ್ಗರಣೆಗೆ ಮುಗ್ಸಿ, ನೊರೆ ಬಂದ್ರೆ ಕಮಟು ವಾಸನೆ ಬಂದ್ರೆ ಆಸೆ ಪಡದೆ ಹಳೇ ಪೇಪರ್‌ಗೆ ಹೀರಿಸಿ ಕಸಕ್ಕೆ ಹಾಕಿ.

ಕಾಫೀದು ಇನ್ನೂ ಕಷ್ಟ. ಹಡಗುಗಳೆಲ್ಲ ಯುದ್ಧಕ್ಕೆ ಹೋಗಿ, ಇರೋವನ್ನ ಜರ್ಮನ್ ಸಬ್‌ಮರೀನ್‌ಗಳು ಮುಳುಗಿಸ್ತಾ ಇದ್ದಾಗ ಬ್ರೆಜಿಲ್ ಕಾಫಿ ಬರೋದು ಹೆಂಗೆ? 1942ರ ನವೆಂಬರಿಂದ ದೊಡ್ಡೋರಿಗೆ 5 ವಾರಕ್ಕೆ 1 ಪೌಂಡ್, ಲೆಕ್ಕ ಹಾಕಿದ್ರೆ ದಿನಕ್ಕೆ 13 ಗ್ರಾಂ. ಅವ್ರೂ ಚಿಕೋರಿ ಬೆರೆಸ್ಕೊಂಡು, ಒಂದ್ಸಲ ಇಳಿಸಿದ ಪುಡೀನೇ ಮತ್ತೆ ಇಳಿಸ್ತಿದ್ರು, ನಮ್ಮ ಎರಡನೇ ಡಿಕಾಕ್ಷನ್ನೇ ಅದು. ಆದ್ರೆ ಪುಡೀನ ಪಾತ್ರೇಲಿ ಹಾಕಿ ಕುದಿಸ್ಬೇಡಿ ಕಹಿ ಆಗುತ್ತೆ, ಫಿಲ್ಟರಲ್ಲೇ ಮೊದ್ಲಿಗಿಂತ ಅರ್ಧ ಬಿಸಿನೀರು ಹಾಕಿ ಇಳಿಸಿ, ಉಳಿದ ಗಟ್ಟಿ ಡಿಕಾಕ್ಷನ್ ಎರಡು ಚಮಚ ಸೇರಿಸ್ಕೊಂಡ್ರೆ ಸಂಜೆ ಕಾಫಿಗೆ ಏನೂ ತೊಂದ್ರೆ ಇಲ್ಲ.

1943ರಲ್ಲಿ ದುಡ್ಡಿನ ಜೊತೆಗೆ ರೇಷನ್ ಬುಕ್ಕಿನ ಚೀಟೀನೂ ಕೊಡ್ಬೇಕಾದ ಪಾಯಿಂಟ್ ಲೆಕ್ಕ ಬಂತು, ಡಬ್ಬಿ ಪದಾರ್ಥಕ್ಕೆ ನೀಲಿ ಪಾಯಿಂಟು, ಮಾಂಸ ಬೆಣ್ಣೆ ಚೀಸ್‌ಗೆ ಕೆಂಪು, ದುಡ್ಡಿದ್ರೂ ಪಾಯಿಂಟ್ ಇಲ್ದಿದ್ರೆ ಅಂಗಡಿಯವ್ನು ಕೊಡ್ತಿರ್ಲಿಲ್ಲ. ಹಂಗಾಗಿ ವಾರದ ಅಡುಗೆ ಬರ್ಕೊಂಡೇ ಮನೆ ಬಿಡ್ಬೇಕಿತ್ತು. ನೀವೂ ಫೋನಲ್ಲಿ ಆರ್ಡರ್ ಒತ್ತೋ ಮುಂಚೆ ಒಮ್ಮೆ ಫ್ರಿಜ್ ಬಾಗ್ಲು ತೆಗೀರಿ, ಹಿಂದ್ಗಡೆ ಅರ್ಧ ಕೋಸು, ಬಾಡಿದ ಕೊತ್ತಂಬರಿ ಕಟ್ಟು ಇದ್ದೇ ಇರುತ್ತೆ.

ಇನ್ನು ವಿಕ್ಟರಿ ಗಾರ್ಡನ್, ಅಂದ್ರೆ ಯುದ್ಧದ ಟೈಮಲ್ಲಿ ಮನೆ ಅಂಗಳದಲ್ಲೇ ಮಾಡ್ಕೊಂಡ ತರಕಾರಿ ತೋಟ. ಅಧ್ಯಕ್ಷರ ಹೆಂಡ್ತಿ ಎಲೀನರ್ ರೂಸ್ವೆಲ್ಟ್ ವೈಟ್ ಹೌಸ್ ಅಂಗಳದಲ್ಲೇ ತರಕಾರಿ ಹಾಕಿಸಿದ್ರು. ಆದ್ರೆ ಅದೇ ಸರ್ಕಾರ ಕ್ಯಾಲಿಫೋರ್ನಿಯಾದಲ್ಲಿ ಚೆನ್ನಾಗಿ ತರಕಾರಿ ಬೆಳೀತಿದ್ದ ಜಪಾನಿ ಮೂಲದವ್ರನ್ನ ಹೊಲ ಬಿಡಿಸಿ ಕ್ಯಾಂಪಿಗೆ ಅಟ್ಟಿತ್ತು, ಎಲ್ಲಾ ಸೇರಿ ಸುಮಾರು 1,20,000 ಜನ, ಏನ್ ನ್ಯಾಯಾನೋ ಇದು. ಇರ್ಲಿ, ನೀವು ಕುಂಡ ಇಡೋದಾದ್ರೆ ಮೊದ್ಲು ದಿನಾ ತಿನ್ನೋದನ್ನ ಹಾಕಿ, ಒಡೆದ ಬಕೆಟಲ್ಲೂ ಮೆಂತ್ಯ ದಂಟು ಬರುತ್ತೆ.

ಬೆಳೆದದ್ದನ್ನ ಅವ್ರು ಗಾಜಿನ ಬಾಟ್ಲೀಲಿ ತುಂಬಿಡ್ತಿದ್ರು. ಇದನ್ನ ಮಾತ್ರ ನೋಡಿ ಕಾಪಿ ಹೊಡೀಬೇಡಿ. ನಮ್ಮ ನಿಂಬೆ, ಮಾವಿನಕಾಯಿ ಉಪ್ಪಿನಕಾಯೀಲಿ ಹುಳಿ ಉಪ್ಪು ಎರಡೂ ಇರುತ್ತೆ, ಬೀನ್ಸ್ ಬಟಾಣೀಲಿ ಹುಳಿ ಇಲ್ಲ, ಬರೀ ಕುದಿಯೋ ನೀರಲ್ಲಿಟ್ಟು ಮುಚ್ಚಿದ್ರೆ ಬಾಟುಲಿಸಂ ಅನ್ನೋ ಕಾಯಿಲೆ ತರೋ ವಿಷ ಆಗ್ಬೋದು, ಅದು ಕಣ್ಣಿಗೂ ಕಾಣಲ್ಲ ವಾಸ್ನೇನೂ ಬರ್ದೇ ಇರ್ಬೋದು. ಅದಕ್ಕೆ ಅಂತಾನೇ ಬೇರೆ ಪ್ರೆಶರ್ ಪಾತ್ರೆ ಬರುತ್ತೆ, ನಮ್ಮ ಅನ್ನದ ಕುಕ್ಕರ್ ಸಾಲಲ್ಲ. ಬಟಾಣಿ ಜಾಸ್ತಿ ಬಂದ್ರೆ ಎರಡು ನಿಮಿಷ ಕುದಿಯೋ ನೀರಲ್ಲಿ ಹಾಕಿ ತೆಗ್ದು, ತಣ್ಣೀರಿಗೆ ಹಾಕಿ, ನೀರು ಆರಿಸಿ ಫ್ರೀಜರಿಗೆ ಹಾಕ್ಬಿಡಿ.